ಐವತ್ತಮೂರಕ್ಕೆ ವಯಲಿನು

ಪಿಯುಸಿ ಆದ ಕೂಡ್ಲೆ ಎನಗೆ ಮದುವೆ; ಸಂಗೀತ ಕಲಿವ ಆಶೆ ಹಾಂಗೇ ಒಳುದತ್ತು. ಮಗಳು ಮದುವೆ ಆಗಿ ಹೋದ ಮತ್ತೆ ಅದರ ವಯಲಿನು ಅಟ್ಟಲ್ಲಿತ್ತು. ಕಳುದ ವರ್ಷ, 53ನೇ ವಯಸ್ಸಿಲಿ, ಅದರ ಇಳುಶಿ ಪಾಠಕ್ಕೆ ಸೇರಿದೆ.

ಸರಳಿ ವರಸೆ ಮಾಯಾಮಾಳವಗೌಳಲ್ಲಿ. ರಿ ಷಡ್ಜದ ಹತ್ತರೆ, ಗ ದೂರ. ವೀಣೆಯ ಹಾಂಗೆ ಮೆಟ್ಲು ಇಲ್ಲೆ. ಬೆರಳು ಎಳ್ಳಿನಷ್ಟು ಜಾರಿರೂ ಅಪಸ್ವರ. ಒಂದು ದಿನ ಇವು ಜಗಲಿಂದ, "ಬಾಗಿಲಿಂಗೆ ಎಣ್ಣೆ ಹಾಕೆಕ್ಕೋ?" ಕೇಳಿದವು. ಎನಗೂ ನೆಗೆ ಬಂತು. ಇರುಳು ಕಣ್ಣೀರೂ ಬಂತು. ಎರಡು ವಾರ ಪೆಟ್ಟಿಗೆ ತೆಗದ್ದಿಲ್ಲೆ.

ಟೀಚರು ಹೇಳಿದವು: "ಬೆರಳಿನ ನೋಡೆಡಿ ಅಕ್ಕ, ಕೇಳಿ. ಮದಾಲು ಹಾಡಿ, ಮತ್ತೆ ನುಡಿಸಿ. ಪಂಚಮದ ತಂತಿಲಿ ಮೇಲಾಣ ಸ ಸರಿ ಬಿದ್ದರೆ, ಹತ್ತರಾಣ ಸ ತಂತಿ ತನ್ನಷ್ಟಕ್ಕೇ ನಡುಗುತ್ತು."

ಈಗ ಉದಿಯಪ್ಪಗ ದೋಸೆ ಆದ ಮತ್ತೆ ಬರೀ 15 ನಿಮಿಷ. ಶ್ರುತಿಪೆಟ್ಟಿಗೆ ಮಡಗಿ, ನಿಧಾನಕ್ಕೆ, ಒಂದೇ ವರಸೆ. ಹಠ ಬೇಡ ಅಕ್ಕಂದ್ರೇ, ತಪ್ಪುಸದ್ದೆ ಕೂದರೆ ಸಾಕು.

ಮೊನ್ನೆ ಆ ತಂತಿ ನಡುಗಿತ್ತು! ಮಗಳಿಂಗೆ ಫೋನಿಲಿ ಕೇಳುಸಿದೆ. ರಜ ಹೊತ್ತು ಮಾತೇ ಇಲ್ಲೆ. ಮತ್ತೆ ಹೇಳಿತ್ತು, "ಅಮ್ಮಾ, ಇನ್ನೊಂದರಿ."