ಇಳಿಯದ ತುತ್ತು

ನಾಲಗೆಯ ರುಚಿಯನ್ನು ಕುರಿತು ನಾವು ಬೇಕಾದಷ್ಟು ಮಾತನಾಡುತ್ತೇವೆ; ಹೊಟ್ಟೆಯ ಹಸಿವನ್ನು ಕುರಿತಾದರೋ ಅದಕ್ಕಿಂತಲೂ ಹೆಚ್ಚು. ಇವೆರಡರ ನಡುವಣ ದಾರಿಯಾದ ಅನ್ನನಾಳವು ಮಾತ್ರ ತಾನಾಗಿ ಮೊರೆಯಿಡುವವರೆಗೆ ಯಾರ ನೆನಪಿಗೂ ಬಾರದು. ಉಸಿರಿನ ನಾಳದ ಹಿಂದೆ ಇಳಿದು ಜಠರವನ್ನು ಸೇರುವ ಈ ಸ್ನಾಯುಗಳ ಕೊಳವೆಯು ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರು ಉದ್ದವಾಗಿರುತ್ತದೆ. ತುತ್ತು ಅದರಲ್ಲಿ ಬಾವಿಗೆಸೆದ ಕಲ್ಲಿನಂತೆ ಬೀಳುವುದಿಲ್ಲ. ನಾಳವೇ ಅಲೆಯಲೆಯಾಗಿ ಸಂಕೋಚಗೊಂಡು ಅದನ್ನು ಕೆಳಕ್ಕೆ ನೂಕುತ್ತದೆ. ಕೊನೆಯಲ್ಲಿರುವ ಬಿಗಿಯಾದ ಸ್ನಾಯುವು ಬಾಗಿಲಿನಂತೆ ತೆರೆದು, ತುತ್ತು ದಾಟಿದೊಡನೆ ಮುಚ್ಚಿಕೊಳ್ಳುತ್ತದೆ.

ಈ ಬಾಗಿಲು ಸಡಿಲವಾದರೆ ಜಠರದ ಹುಳಿರಸವು ಮೇಲೇರಿ ಎದೆಯುರಿ ಹುಟ್ಟುತ್ತದೆ. ಅದು ಬಹುಕಾಲ ನಡೆದರೆ ನಾಳದ ಒಳಗೆ ಹುಣ್ಣಾಗಿ, ಅದು ಮಾಯುವಾಗ ದಾರಿಯು ಇಕ್ಕಟ್ಟಾಗುವುದುಂಟು. ಬಾಗಿಲು ತೆರೆಯದೆ ಹೋದರೋ ಅನ್ನವೂ ನೀರೂ ಮೇಲೆಯೇ ನಿಲ್ಲುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯನು ಇಂತಹ ರೋಗಿಯೊಬ್ಬನ ವೃತ್ತಾಂತವನ್ನು 1674ರಲ್ಲಿ ಬರೆದಿದ್ದಾನೆ. ತಿಮಿಂಗಿಲದಿಂದ ದೊರೆಯುವ ಬಳುಕುವ ಕಡ್ಡಿಯ ತುದಿಗೆ ಸ್ಪಂಜನ್ನು ಕಟ್ಟಿಕೊಟ್ಟು, ಉಂಡುದನ್ನು ಅದರಿಂದಲೇ ಒಳಕ್ಕೆ ನೂಕಿಕೊಳ್ಳುವಂತೆ ಅವನು ಏರ್ಪಡಿಸಿದನು. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರನು ಆ ಸ್ನಾಯುವನ್ನೇ ಸೀಳಿ ಸಡಿಲಿಸಿದನು. 2008ರಲ್ಲಿ ಜಪಾನಿನಲ್ಲಿ ಮೊದಲಾದ ಕ್ರಮದಿಂದ, ಹೊಟ್ಟೆಯನ್ನು ಕೊಯ್ಯದೆ, ಬಾಯಿಯ ಮೂಲಕ ಇಳಿಸಿದ ಕೊಳವೆಯಿಂದಲೇ ಈಗ ಆ ಕಾರ್ಯವು ಸಾಧ್ಯವಾಗಿದೆ.

ಚಿಕಿತ್ಸೆಯು ಇಷ್ಟು ಮುಂದುವರಿದಿದ್ದರೂ ಅದು ರೋಗಿಯನ್ನು ಹುಡುಕಿಕೊಂಡು ನಮ್ಮ ಅಡಿಗೆಮನೆಗೆ ಬರಲಾರದು. ನಮ್ಮ ಮನೆಗಳ ಹಿರಿಯರಾದರೋ ನುಂಗಲಾಗದೆಂದು ಬಾಯಿಬಿಟ್ಟು ಹೇಳುವವರಲ್ಲ. ನಮ್ಮ ದೊಡ್ಡಮ್ಮನವರು ಒಂದೇ ವರ್ಷದಲ್ಲಿ ರೊಟ್ಟಿಯನ್ನು ಬಿಟ್ಟು ಅನ್ನಕ್ಕೆ ಬಂದರು; ಅನ್ನವನ್ನು ಬಿಟ್ಟು ಗಂಜಿಗೆ ಇಳಿದರು. ಕೇಳಿದವರಿಗೆ, "ಈ ವಯಸ್ಸಿಗೆ ಇನ್ನೆಷ್ಟು ಉಣ್ಣಬೇಕಪ್ಪ?" ಎಂದು ನಗುತ್ತಿದ್ದರು. ನೆರೆಹೊರೆಯವರು ಅದನ್ನು ಮಿತಾಹಾರದ ನಿಯಮವೆಂದು ಕೊಂಡಾಡಿದರು. ಅವರ ಸೊಸೆಯು ಮಾತ್ರ ಬಡಿಸುತ್ತ ಬಡಿಸುತ್ತ ಎರಡು ಸಂಗತಿಗಳನ್ನು ಕಂಡುಕೊಂಡಳು: ತುತ್ತು ತುತ್ತಿಗೂ ನೀರು ಬೇಕಾಗಿತ್ತು, ನುಂಗುವಾಗ ಕೈ ಎದೆಗೆ ಹೋಗುತ್ತಿತ್ತು. ಹಿರಿಯರು ಬೇಡವೆಂದರೂ ಅವಳು ಬಿಡದೆ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಕೊಳವೆಯಿಳಿಸಿ ನೋಡಿ, ಇಕ್ಕಟ್ಟಾದೆಡೆಯಿಂದ ಚೂರು ಮಾಂಸವನ್ನು ತೆಗೆದು ಪರೀಕ್ಷಿಸಿದರು. ಫಲ ತಿಳಿಯುವವರೆಗೆ ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ದೈವಕೃಪೆಯಿಂದ ಅದು ಹುಳಿರಸದಿಂದಾದ ಇಕ್ಕಟ್ಟೇ ಹೊರತು ಅರ್ಬುದವಾಗಿರಲಿಲ್ಲ. ಸಣ್ಣ ಬಲೂನನ್ನು ಒಳಗೆ ಉಬ್ಬಿಸಿ ಮೂರು ಸಲ ದಾರಿಯನ್ನು ಅಗಲಿಸಿದರು. ಹುಳಿಯನ್ನು ತಗ್ಗಿಸುವ ಔಷಧವನ್ನು ಕೊಟ್ಟರು. ಮಲಗುವುದಕ್ಕೆ ಮೂರು ಗಂಟೆ ಮೊದಲೇ ಉಣ್ಣಬೇಕೆಂದೂ, ಮಂಚದ ತಲೆಯ ಕಡೆಯನ್ನು ಎತ್ತರಿಸಬೇಕೆಂದೂ ವಿಧಿಸಿದರು. ದೊಡ್ಡಮ್ಮನವರು ಈಗ ರೊಟ್ಟಿ ತಿನ್ನುತ್ತಾರೆ.

ಎಲ್ಲರ ಪಾಲಿಗೂ ಫಲವು ಹೀಗೆಯೇ ಬರುವುದಿಲ್ಲ. ಮೊದಲು ಗಟ್ಟಿ ಆಹಾರ, ಬಳಿಕ ಮೆದುವಾದುದು, ಕಡೆಗೆ ನೀರೂ ಇಳಿಯದಿರುವುದು, ಜೊತೆಗೆ ಮೈ ಬಡವಾಗುವುದು, ಇವು ಅನ್ನನಾಳದ ಅರ್ಬುದದ ಲಕ್ಷಣಗಳೂ ಹೌದು. ಹೊಗೆಸೊಪ್ಪು, ಬೀಡಿ, ಮದ್ಯಗಳು ಅದಕ್ಕೆ ದಾರಿಮಾಡಿಕೊಡುತ್ತವೆ. ಬೇಗ ಗೊತ್ತಾದರೆ ಶಸ್ತ್ರಚಿಕಿತ್ಸೆ, ಔಷಧ, ಕಿರಣಗಳಿಂದ ಗುಣಪಡಿಸುವ ಆಸೆಯುಂಟು. ತಡವಾದರೆ ಜಾಲರಿಯ ಕೊಳವೆಯನ್ನಿಟ್ಟು ಗಂಜಿಗೆ ದಾರಿ ಮಾಡುವುದಷ್ಟೇ ಉಳಿಯಬಹುದು.

ಆದಕಾರಣ ಬಡಿಸುವ ಕೈಗಳಿಗೆ ನಮ್ಮದೊಂದು ಬಿನ್ನಹ. ಪಂಕ್ತಿಯಲ್ಲಿ ಹಿರಿಯರು "ಸಾಕು" ಎಂದಾಗ ಎಲೆಯನ್ನು ಮಾತ್ರವಲ್ಲ, ಅವರ ಮುಖವನ್ನೂ ಒಮ್ಮೆ ನೋಡಿರಿ. ಹೊಟ್ಟೆ ತುಂಬಿ ಹೇಳಿದ ಮಾತೋ, ತುತ್ತು ಇಳಿಯದೆ ಹೇಳಿದ ಮಾತೋ, ನಿಮಗಲ್ಲದೆ ಮತ್ತಾರಿಗೆ ತಿಳಿದೀತು?