ತೊಗಟೆಯ ಕಾಲ

ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ತೋಟ ಚೆನ್ನಾಗಿ ಕಾಣುವುದು ದೊಡ್ಡ ಮಾತಲ್ಲ. ರಾತ್ರಿ ಒಂಬತ್ತರವರೆಗೂ ಬೆಳಕು, ಬೇಲಿಯ ಸಂದಿಯಲ್ಲೂ ಗುಲಾಬಿ. ನನಗೆ ಬೇಕಾದ್ದು ಡಿಸೆಂಬರಿನ ತೋಟ. ನಾನಿರುವ ಕೇಂಬ್ರಿಜ್ ಸೀಮೆಯಲ್ಲಿ ಆಗ ಮೂರೂ ಮುಕ್ಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ನಡುಹಗಲಲ್ಲೂ ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲೇರುವುದಿಲ್ಲ. ಆ ಕಾಲಕ್ಕೆಂದೇ ಗಿಡ, ಮರ, ಹುಲ್ಲು ಆರಿಸಿ ನೆಡುವುದರಲ್ಲಿ ನನಗೆ ಸಿಗುವ ಸುಖ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಹೂವು ನೋಡಿ ಗಿಡ ತರುವ ಅಭ್ಯಾಸ ಇಲ್ಲಿ ನಡೆಯದು. ಎಲೆ ಉದುರಿದ ಮೇಲೆ ಇದರಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ಕಡ್ಡಿಗೆ ಬಣ್ಣ ಉಂಟೆ? ತೊಗಟೆಗೆ ಹೊಳಪು ಉಂಟೆ? ಒಣಗಿದ ತೆನೆ ಗಾಳಿಗೆ ನಿಂತೀತೆ? ಅದಕ್ಕೂ ಮೊದಲು ಬಿಸಿಲಿನ ದಾರಿ ಗೊತ್ತಿರಬೇಕು. ಚಳಿಗಾಲದ ಬಿಸಿಲು ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಗಿಡದ ಬೆನ್ನಿಗೆ ಆ ಬೆಳಕು ಬಿದ್ದು, ಎದುರಿಗೆ ಅಡಿಗೆಮನೆಯ ಕಿಟಕಿ ಇದ್ದರೆ ಅರ್ಧ ಕೆಲಸ ಆದಂತೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ 1970ರ ದಶಕದ ಕೊನೆಗೆ ಮಾಡಿದ ಚಳಿಗಾಲದ ತೋಟವೊಂದಿದೆ. ಅಲ್ಲಿ ಕೆಂಪು, ಹಳದಿ, ಹಸಿರು ಕಡ್ಡಿಗಳ ಡಾಗ್‌ವುಡ್ ಪೊದೆಗಳನ್ನು ಗುಂಪುಗುಂಪಾಗಿ ನೆಟ್ಟಿದ್ದಾರೆ. ಒಂಟಿ ಡಾಗ್‌ವುಡ್ ಬಡಕಲಾಗಿ ಕಾಣುತ್ತದೆ. ಜಾಗ ಚಿಕ್ಕದಾದರೂ ಸರಿ, ನಾಲ್ಕೈದು ಒಟ್ಟಿಗೇ ಇರಲಿ.

ಮರಗಳಲ್ಲಿ ನನ್ನ ಜೀವವೆಲ್ಲ ಭೂರ್ಜದ ಮೇಲೆ. ಅದರಲ್ಲೂ ಪಶ್ಚಿಮ ಹಿಮಾಲಯದ, ಅಪ್ಪಟ ಬಿಳಿ ತೊಗಟೆಯ ಬಗೆ. ಹಿಮಾಲಯ ಸುತ್ತಾಡಿ 1832ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಫ್ರೆಂಚ್ ಸಸ್ಯಶಾಸ್ತ್ರಜ್ಞ ವಿಕ್ಟರ್ ಜಾಕ್‌ಮೋನ್ ಹೆಸರು ಅದಕ್ಕಿದೆ. ನಮ್ಮ ಕನ್ನಡದ ಹಳೆಯ ಕಟ್ಟುಗಳು ತಾಳೆಗರಿಯವು. ಕಾಶ್ಮೀರದ ಕಡೆಯವರು ಬರೆದದ್ದು ಭೂರ್ಜದ ತೊಗಟೆಯ ಮೇಲೆ. 1881ರಲ್ಲಿ ಪೆಶಾವರದ ಬಳಿ ಸಿಕ್ಕ ಬಕ್ಷಾಲಿ ಗಣಿತದ ಹಸ್ತಪ್ರತಿಯೂ ಭೂರ್ಜಪತ್ರದ್ದೇ. ಅದೀಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅಕ್ಷರ ಹೊತ್ತ ಮರದ ಜಾತಿಯೊಂದು ನನ್ನ ಹಿತ್ತಿಲಲ್ಲಿ ನಿಂತಿದೆ ಎಂಬುದು ನನಗೆ ಸಣ್ಣ ಸಂತೋಷವಲ್ಲ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಒಂದು ಬಕೆಟ್ ನೀರು, ಮೆತ್ತನೆಯ ಸ್ಪಂಜು ಹಿಡಿದು ಅದರ ಕಾಂಡ ತೊಳೆಯುತ್ತೇನೆ. ಇಲ್ಲಿನ ತೋಟಗಾರರು ಮಾಡುವ ಕೆಲಸವೇ ಇದು. ತೇವಕ್ಕೆ ಹತ್ತಿದ ಪಾಚಿ ಹಸಿರು ನೀರಾಗಿ ಮೊಣಕೈವರೆಗೆ ಇಳಿಯುತ್ತದೆ. ಒರೆಸಿದಲ್ಲಿ ಬಿಳುಪು ಬಿಚ್ಚಿಕೊಳ್ಳುತ್ತದೆ, ಅದರ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು. ಮರ ಗಾಳಿಯಾಡುವುದು ಅವುಗಳ ಮೂಲಕ. ಅಲ್ಲಲ್ಲಿ ತೊಗಟೆ ಸುರುಳಿ ಸುತ್ತಿ ಎದ್ದಿರುತ್ತದೆ, ಒಳಮೈ ತಿಳಿ ಕಿತ್ತಳೆ. ಬೆರಳು ಹಾಕಿ ಎಳೆಯೋಣ ಅನ್ನಿಸುತ್ತದೆ, ಎಳೆಯಬಾರದು. ಅದು ತಾನಾಗಿ ಬಿಟ್ಟುಕೊಳ್ಳಬೇಕು. ಭೂರ್ಜ ನೆಡುವವರು ಇನ್ನೊಂದನ್ನು ಗಮನಿಸಬೇಕು: ಹಿಂದೆ ಯೂ ಮರದಂಥ ಕಡುಹಸಿರು ಬೇಲಿ ಇಲ್ಲದಿದ್ದರೆ ಅಷ್ಟೂ ಬಿಳುಪು ಬೂದು ಆಕಾಶದಲ್ಲಿ ಕಳೆದುಹೋಗುತ್ತದೆ.

ಹೊಸ್ತಿಲ ಪಕ್ಕದಲ್ಲಿರುವುದೂ ಹಿಮಾಲಯದ್ದೇ, ನೇಪಾಳದ ಡ್ಯಾಫ್ನಿ ಭೋಲುವಾ. ಜನವರಿಯ ಕೊರೆಯುವ ಚಳಿಯಲ್ಲಿ ನಸುಗೆಂಪು ಹೂಗೊಂಚಲು ಬಿಟ್ಟು, ಬೀಗದ ಕೈ ಹುಡುಕುತ್ತ ನಿಂತವರನ್ನು ಪರಿಮಳದಿಂದ ಹಿಡಿದು ನಿಲ್ಲಿಸುತ್ತದೆ. ಚಳಿಗಾಲದಲ್ಲಿ ಹಾರಾಡುವ ಹುಳುಗಳು ಕಡಿಮೆ. ಇರುವ ನಾಲ್ಕನ್ನು ದೂರದಿಂದ ಕರೆಯಬೇಕಲ್ಲ, ಅದಕ್ಕೇ ಈ ಕಾಲದ ಹೂಗಳಿಗೆ ಇಷ್ಟು ಘಮ. ಸಾರ್ಕೊಕೊಕಾ ಎಂಬ ಗಿಡ್ಡ ನಿತ್ಯಹಸಿರು ಪೊದೆಯೂ ಹೀಗೆಯೇ. ಒಣ ನೆರಳಲ್ಲೂ ಬದುಕುತ್ತದೆ, ಎಲೆಯಡಿ ಅಡಗಿದ ಹೂ ಕಾಣಿಸುವ ಮೊದಲೇ ವಾಸನೆ ಬರುತ್ತದೆ. ಡ್ಯಾಫ್ನಿಯ ಒಳತೊಗಟೆಯಿಂದ ನೇಪಾಳದವರು ಲೋಕ್ತಾ ಕಾಗದ ಮಾಡುತ್ತಾರೆ, ಸರ್ಕಾರಿ ದಸ್ತಾವೇಜು ಬರೆಯುತ್ತಿದ್ದದ್ದೂ ಅದರ ಮೇಲೆ. ಭೂರ್ಜದ ಜೊತೆಗೆ ಇದನ್ನೂ ತರಬೇಕೆನ್ನಿಸಿದ್ದು ಆ ನಂಟಿಗಾಗಿಯೇ. ಒಮ್ಮೆ ನೆಟ್ಟರೆ ಕಿತ್ತು ಬೇರೆಡೆ ಇಡುವಂತಿಲ್ಲ, ಬೇರು ಸಹಿಸುವುದಿಲ್ಲ. ಇಡೀ ಗಿಡವೂ ವಿಷ, ಮಕ್ಕಳಿರುವ ಮನೆಯಲ್ಲಿ ಹುಷಾರು.

ವಿಚ್ ಹೇಜಲ್ ಬಗ್ಗೆ ಇಷ್ಟು ಸಾಕು: ಹಿಮ ಬಿದ್ದಾಗ ತನ್ನ ದಾರದಂಥ ಹಳದಿ ಎಸಳುಗಳನ್ನು ಸುತ್ತಿಟ್ಟುಕೊಂಡು, ಬಿಸಿಲು ಬಂದಾಗ ಮತ್ತೆ ಬಿಚ್ಚುತ್ತದೆ.

ಹುಲ್ಲಿಗೆ ತೋಟದಲ್ಲಿ ಜಾಗ ಕೊಡುವುದೆಂದರೆ ನಮ್ಮವರಿಗೆ ಅಷ್ಟು ಒಗ್ಗುವುದಿಲ್ಲ. ನಾವು ಹುಲ್ಲು ಕಿತ್ತು ಬೆಳೆದವರು. ಆದರೆ ಮಿಸ್ಕ್ಯಾಂಥಸ್ ಒಣಗಿ ಗೋಧಿ ಬಣ್ಣಕ್ಕೆ ತಿರುಗಿ, ತೆನೆಯ ನವಿರಿಗೆ ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆ ನೋಡಬೇಕು. ಜರ್ಮನಿಯ ಸಸ್ಯಪಾಲಕ ಕಾರ್ಲ್ ಫೋರ್ಸ್ಟರ್ ಹೆಸರಿನ ಹುಲ್ಲೊಂದಿದೆ. ಅದು ಎಂಥ ಗಾಳಿಗೂ ನೆಟ್ಟಗೆ ನಿಲ್ಲುತ್ತದೆ. ಡಚ್ ತೋಟಗಾರ ಪೀಟ್ ಔಡಾಲ್ಫ್ ಒಣ ತೆನೆ, ಕಂದು ಬೀಜಕಾಯಿಗಳನ್ನು ಕಸವೆನ್ನದೆ ಉಳಿಸಿಕೊಂಡು ತೋಟ ಕಟ್ಟಿ ತೋರಿಸಿದರು. ಶರತ್ಕಾಲದಲ್ಲೇ ಎಲ್ಲವನ್ನೂ ಕತ್ತರಿಸಿ ಓರಣ ಮಾಡುವವರ ಮೇಲೆ ನನಗೆ ನಿಜವಾಗಿಯೂ ಬೇಸರ. ಹಕ್ಕಿಗೆ ಬೀಜ ಬೇಕು, ಪೊಳ್ಳು ದಂಟಿನೊಳಗೆ ಹುಳುಗಳು ಚಳಿ ಕಳೆಯುತ್ತಿರುತ್ತವೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಅನ್ನುತ್ತಾರೆ ಊರಲ್ಲಿ. ಇಲ್ಲಿ ಓಡುವುದಿಲ್ಲ, ಆದರೂ ಕತ್ತರಿ ಹಿಡಿಯುವುದು ಅದೇ ಆಸುಪಾಸಿನಲ್ಲಿ. ಹುಲ್ಲನ್ನು ಹೊಸ ಚಿಗುರು ಏಳುವ ಮೊದಲೇ ಕೊಯ್ಯಬೇಕು. ಡಾಗ್‌ವುಡ್‌ನಲ್ಲಿ ಬಣ್ಣ ಇರುವುದು ಎಳೆಯ ಕಡ್ಡಿಗೆ ಮಾತ್ರ, ಹಳೆಯದು ಮಂಕಾಗುತ್ತದೆ. ಹಾಗಾಗಿ ಕೆಂಪು ಕಡ್ಡಿಯ ‘ಸಿಬಿರಿಕಾ’ವನ್ನು ನೆಲಮಟ್ಟಕ್ಕೆ ಕಡಿದರೂ ಚಿಂತೆಯಿಲ್ಲ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪಿರುವ ‘ಮಿಡ್‌ವಿಂಟರ್ ಫೈರ್’ ಅಷ್ಟು ಗಟ್ಟಿಯಲ್ಲ, ಅದರಲ್ಲಿ ವರ್ಷಕ್ಕೆ ಮೂರರಲ್ಲೊಂದು ಪಾಲು ಸಾಕು. ಕಡಿದ ಕಡ್ಡಿ ಎಸೆಯುವುದಿಲ್ಲ. ಊರಲ್ಲಿ ದಾಸವಾಳದ ಕಡ್ಡಿ ಕೇಳುವ ಹಾಗೆ ಇಲ್ಲಿನ ಕನ್ನಡದ ಮನೆಗಳವರು “ಅಕ್ಕಾ, ನಮಗೂ ಒಂದೆರಡು” ಅನ್ನುತ್ತಾರೆ. ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟು ಹೇಳುತ್ತೇನೆ: ಮೊಗ್ಗು ಮೇಲ್ಮುಖ ಇರಲಿ, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರಲಿ, ಮುಂದಿನ ಶರತ್ಕಾಲದವರೆಗೆ ಬೇರು ಬಂತೇ ಎಂದು ಕಿತ್ತು ನೋಡಬೇಡಿ.