ಸಾಲ ತೀರಿದ ಸುದ್ದಿ ಪಹಣಿಗೆ ತಲುಪಲಿಲ್ಲ

ಕಳೆದ ಮುಂಗಾರಿನ ಹೊತ್ತಿಗೆ ನಮ್ಮಪ್ಪ ಬೆಳೆ ಸಾಲ ಕೇಳಲು ಊರಿನ ಸೊಸೈಟಿಗೆ ಹೋದರು. ಕಾರ್ಯದರ್ಶಿ ಕಂಪ್ಯೂಟರಿನಲ್ಲಿ ಸರ್ವೆ ನಂಬರು ಹಾಕಿ ನೋಡಿ, "ಯಜಮಾನ್ರೇ, ನಿಮ್ಮ ಪಹಣಿ ಮೇಲೆ ಬ್ಯಾಂಕಿನ ಸಾಲ ಐತಲ್ಲ" ಅಂದರು.

"ಅದನ್ನ ಹೋದ ವರ್ಷಾನೇ ಕಟ್ಟಿದೀನಿ."

"ಕಟ್ಟಿರಬೋದು. ಆದ್ರೆ ಇಲ್ಲಿ ತೋರಿಸ್ತಾ ಐತೆ. ನಾನೇನ್ ಮಾಡ್ಲಿ?"

ಅಪ್ಪನ ಹಿಂದೆ ಐದಾರು ಜನ ನಿಂತಿದ್ದರು. ಎಲ್ಲರೂ ಊರಿನವರೇ. ಅಪ್ಪ ಮತ್ತೆ ಮಾತಾಡದೆ ಮನೆಗೆ ಬಂದು, ಹೆಗಲ ಮೇಲಿನ ಟವೆಲ್ಲನ್ನು ಗೂಟಕ್ಕೆ ಹಾಕಿ, ಊಟ ಬೇಡ ಅಂದರಂತೆ. ಸಂಜೆ ಅಮ್ಮ ಫೋನ್ ಮಾಡಿ ಹೇಳಿದಳು: "ಸಾಲ ಸಿಗ್ಲಿಲ್ಲ ಅಂತ ಅಲ್ಲ ಕಣ್ರೋ. ನಾಲ್ಕು ಜನರ ಮುಂದೆ ಸುಳ್ಳ ಅನ್ನಿಸಿಕೊಂಡೆನಲ್ಲ ಅಂತ ಅವರಿಗೆ."

ನಾವು ಅಕ್ಕ-ತಮ್ಮ ಇಬ್ಬರು. ಅಕ್ಕ ಪತ್ರಿಕೋದ್ಯಮ ಓದಿ ಊರಿನ ಸುದ್ದಿಗಳನ್ನು ಬರೆಯುವವಳು. ತಮ್ಮ ಬೆಂಗಳೂರಿನ ಒಂದು ಕಂಪನಿಯಲ್ಲಿ ಒಂದು ಸಾಫ್ಟ್‌ವೇರನ್ನು ಇನ್ನೊಂದಕ್ಕೆ ಜೋಡಿಸುವ ಕೆಲಸದಲ್ಲಿದ್ದಾನೆ. ಇಲಾಖೆಗಳ ಕಂಪ್ಯೂಟರುಗಳೆಲ್ಲ ಒಂದಕ್ಕೊಂದು ಸೇರಿಕೊಂಡಿವೆ, ರೈತರು ಕಚೇರಿ ಅಲೆಯುವುದು ಇನ್ನು ತಪ್ಪಿತು ಅಂತ ಅಕ್ಕ ಹಿಂದೊಮ್ಮೆ ಹಿಗ್ಗಿ ಬರೆದಿದ್ದಳು. ಅದಕ್ಕೆ ಬೇಕಾದ ವಿವರ ಹೇಳಿಕೊಟ್ಟವನು ತಮ್ಮ. ಆಮೇಲೆ ಅಲೆದವರು ನಮ್ಮಪ್ಪನೇ. ಹಾಗಾಗಿ ಈ ಬರಹವನ್ನು ಇಬ್ಬರೂ ಸೇರಿ ಬರೆಯುತ್ತಿದ್ದೇವೆ.

ಮೊದಲು ಈ ಜೋಡಣೆ ಅಂದರೆ ಏನು ಅಂತ ಹೇಳಬೇಕು.

ಒಂದು ದೊಡ್ಡ ವ್ಯಾಪಾರ ಅಂದುಕೊಳ್ಳಿ. ಬಿಲ್ ಹಾಕಲು ಒಂದು ಸಾಫ್ಟ್‌ವೇರ್, ಗೋಡೌನಿನ ಸರಕಿಗೆ ಒಂದು, ಲೆಕ್ಕಪತ್ರಕ್ಕೆ ಒಂದು, ಸಂಬಳಕ್ಕೆ ಒಂದು, ಲಾರಿಗಳಿಗೆ ಒಂದು, ಗಿರಾಕಿಗಳ ವಿವರಕ್ಕೆ ಒಂದು. ಒಟ್ಟು ಆರು. ಇವುಗಳಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲವುಗಳ ಜೊತೆ ನೇರವಾಗಿ ಜೋಡಿಸಬೇಕೆಂದರೆ 15 ಜೋಡಣೆ ಬೇಕು. ಏಳನೆಯದು ಬಂದರೆ ಮತ್ತೆ ಆರು ಹೊಸದು. ಒಂದು ಸಾಫ್ಟ್‌ವೇರ್ ಬದಲಾದರೆ ಅದಕ್ಕೆ ಸೇರಿದ ಜೋಡಣೆಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದು ಎಪಿಐ. ನಮ್ಮ ಸಿರಾ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಅದು ಕೆರೆಯ ತೂಬು. ಕೆರೆ ನೀರು ಬೇಕೆಂದು ಪ್ರತಿಯೊಬ್ಬರೂ ಏರಿ ಒಡೆಯುವುದಿಲ್ಲ. ಒಂದು ತೂಬು ಇರುತ್ತದೆ. ಎಷ್ಟು ನೀರು, ಯಾವಾಗ, ಯಾರಿಗೆ ಎಂಬುದಕ್ಕೆ ಕಟ್ಟು ಇರುತ್ತದೆ. ನೀರುಗಂಟಿ ಒಪ್ಪಿದರೆ ಮಾತ್ರ ನೀರು. ಆದರೆ ತೂಬು ಒಮ್ಮೆ ಕಟ್ಟಿದರೆ ಮುಗಿಯಿತು. ಇವತ್ತಿನ ಗದ್ದೆಗೂ ಅದೇ, ಹತ್ತು ವರ್ಷದ ಮೇಲೆ ಹೊಸದಾಗಿ ಹಸನು ಮಾಡಿದ ಗದ್ದೆಗೂ ಅದೇ. ಹಾಗೆಯೇ ಗೋಡೌನ್ ಸಾಫ್ಟ್‌ವೇರಿಗೆ "ಈ ಸರಕು ಎಷ್ಟು ಉಳಿದಿದೆ?" ಎಂಬ ಪ್ರಶ್ನೆಗೆ ಉತ್ತರ ಕೊಡುವ ಒಂದು ಎಪಿಐ ಮಾಡಿಟ್ಟರೆ, ಬಿಲ್ ಹಾಕುವವರೂ ಅದನ್ನೇ ಕೇಳಬಹುದು, ಲಾರಿ ಕಳಿಸುವವರೂ ಅದನ್ನೇ ಕೇಳಬಹುದು. ಪ್ರತಿಸಲ ಹೊಸದಾಗಿ ಕಟ್ಟಬೇಕಿಲ್ಲ. ತಮ್ಮನಿಗೆ ಸಂಬಳ ಬರುವುದು ಇಂಥ ತೂಬುಗಳನ್ನು ಕಟ್ಟುವುದಕ್ಕೆ.

ಇದು ನಿಮ್ಮ ಕೈಯಲ್ಲೂ ಇದೆ. ಟೀ ಅಂಗಡಿಯ ಕ್ಯೂಆರ್ ಹಾಳೆಗೆ ಯಾವ ಆ್ಯಪ್‌ನಿಂದ ಬೇಕಾದರೂ ದುಡ್ಡು ಹಾಕುತ್ತೀರಿ. ನಿಮ್ಮ ಬ್ಯಾಂಕು ಬೇರೆ, ಅಂಗಡಿಯವರ ಬ್ಯಾಂಕು ಬೇರೆ. ಆ ಎರಡು ಬ್ಯಾಂಕುಗಳು ಕೂತು ಒಪ್ಪಂದ ಮಾಡಿಕೊಂಡು ತಂತಿ ಎಳೆದಿಲ್ಲ. 2016ರಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಶುರು ಮಾಡಿದ ಯುಪಿಐಗೆ ಎರಡೂ ಸೇರಿಕೊಂಡಿವೆ, ಅಷ್ಟೆ.

ನಮ್ಮ ಜಮೀನಿನ ದಾಖಲೆಗಳೂ ಹೀಗೇ ಸೇರಿಕೊಂಡಿವೆ. 2000ದ ಸುಮಾರಿಗೆ ಕರ್ನಾಟಕದಲ್ಲಿ 'ಭೂಮಿ' ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಶಾನುಭೋಗರ ಕಡತ, ಗ್ರಾಮ ಲೆಕ್ಕಿಗರ ಕೈಬರಹ ಹೋಗಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಅದು ಕೆರೆ. ಆಮೇಲೆ ಅದಕ್ಕೆ ಕಾಲುವೆಗಳು ಬಂದವು. ನೋಂದಣಿ ಇಲಾಖೆಯ 'ಕಾವೇರಿ'ಯಲ್ಲಿ ಕ್ರಯಪತ್ರ ಆದರೆ ವಿವರ ಭೂಮಿಗೆ ಹೋಗಿ ಖಾತೆ ಬದಲಾವಣೆ ಶುರುವಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ನಾವು ಮಾಡಿಸುವ ಎಫ್‌ಐಡಿ ಇದೆಯಲ್ಲ, ಆ 'ಫ್ರೂಟ್ಸ್' ಸಾಫ್ಟ್‌ವೇರ್ ಜಮೀನಿನ ವಿವರವನ್ನು ಭೂಮಿಯಿಂದಲೇ ತರಿಸಿಕೊಳ್ಳುತ್ತದೆ. ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳೆಲ್ಲ ಅದನ್ನೇ ಬಳಸುತ್ತವೆ. 2023ರ ಬರಗಾಲದ ಬೆಳೆ ಪರಿಹಾರಕ್ಕೆ ಎಫ್‌ಐಡಿ ಕೇಳಿದ್ದು ನಿಮಗೂ ನೆನಪಿರಬೇಕು.

ಬ್ಯಾಂಕುಗಳಿಗೂ ಈ ದಾರಿ ಇದೆ. ಮೊದಲು ಬೆಳೆ ಸಾಲ ಪಡೆದರೆ ಜಮೀನಿನ ಮೇಲೆ ಋಣ ದಾಖಲಿಸಲು ರೈತ ಸಬ್‌ರಿಜಿಸ್ಟ್ರಾರ್ ಕಚೇರಿಗೂ ತಾಲ್ಲೂಕು ಕಚೇರಿಗೂ ಓಡಾಡಬೇಕಿತ್ತು. ಈಗ ಬ್ಯಾಂಕು ಫ್ರೂಟ್ಸ್ ಮೂಲಕ ಕಳಿಸಿದರೆ ಅದು ಕಾವೇರಿಗೆ ಹೋಗಿ, ಅಲ್ಲಿಂದ ಭೂಮಿಗೆ ಬಂದು, ಪಹಣಿಯ 11ನೇ ಕಾಲಂನಲ್ಲಿ ದಾಖಲಾಗುತ್ತದೆ. ರೈತ ಮನೆಯಲ್ಲೇ ಇರಬಹುದು.

ಅಪ್ಪನ ಸಾಲದ ವಿಷಯದಲ್ಲೂ ಹೋಗುವ ದಾರಿ ಸಲೀಸಾಗಿಯೇ ಇತ್ತು. ತೊಂದರೆ ಆದದ್ದು ವಾಪಸು ಬರುವಾಗ.

ನಾವಿಬ್ಬರೂ ರಜೆ ಹಾಕಿ ಊರಿಗೆ ಬಂದೆವು. ಸಾಲ ಕೊಟ್ಟಿದ್ದ ಬ್ಯಾಂಕಿಗೆ ಹೋದರೆ, "ನಮ್ಮಲ್ಲಿ ಕ್ಲೋಸ್ ಆಗಿದೆ ನೋಡಿ" ಅಂತ ಪರದೆ ತಿರುಗಿಸಿ ತೋರಿಸಿದರು. ಬಾಕಿ ಸೊನ್ನೆ. ಕಚೇರಿಗೆ ಹೋದರೆ, "ಬ್ಯಾಂಕಿನಿಂದ ನಮಗೇನೂ ಬಂದಿಲ್ಲ, ಬಂದರೆ ತಾನೆ ತೆಗೆಯೋದು?" ಅಂದರು. ಸೊಸೈಟಿಗೆ ಬಂದರೆ, "ಪಹಣಿಯಲ್ಲಿ ಹೋಗಬೇಕು ಕಣ್ರಪ್ಪ, ಆಮೇಲೆ ಕೊಡ್ತೀವಿ" ಅಂದರು.

ಆ ದಿನ ಸಂಜೆ ಜಗುಲಿ ಮೇಲೆ ಕೂತಾಗ ನಮಗೆ ಹೊಳೆದದ್ದು ಇದು: ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಾಲ ತೀರಿದ್ದು ನಿಜ. ಕಚೇರಿಗೆ ಏನೂ ಬಾರದೇ ಇದ್ದದ್ದೂ ನಿಜ. ಸೊಸೈಟಿಯವರಿಗೆ ಪಹಣಿ ಬಿಟ್ಟು ಬೇರೆ ಆಧಾರ ಇಲ್ಲದ್ದೂ ನಿಜ. ಸಾಲ ತೀರಿತು ಎಂಬ ಸಂದೇಶವನ್ನು ಬ್ಯಾಂಕಿನವರು ಕಳಿಸಬೇಕಿತ್ತು. ಕಳಿಸಿರಲಿಲ್ಲ. ತಂತಿ ಕೆಟ್ಟಿರಲಿಲ್ಲ, ಸಾಫ್ಟ್‌ವೇರ್ ಕೆಟ್ಟಿರಲಿಲ್ಲ. ತೂಬು ಗಟ್ಟಿಯಾಗಿಯೇ ಇತ್ತು, ಎತ್ತುವವರು ಎತ್ತಿರಲಿಲ್ಲ. ಎತ್ತಿಲ್ಲ ಅಂತ ನೋಡುವವರೂ ಇರಲಿಲ್ಲ.

ಹಳೆಯ ಕಾಲದಲ್ಲಾದರೆ ಈ ತಪ್ಪು ಒಂದು ಪುಸ್ತಕದಲ್ಲಿ ಉಳಿಯುತ್ತಿತ್ತು. ಸೊಸೈಟಿಯ ಕಾರ್ಯದರ್ಶಿ ಅಪ್ಪನ ಮುಖ ನೋಡಿ, ರಸೀದಿ ನೋಡಿ, "ಆಯ್ತು ಬಿಡಿ ಯಜಮಾನ್ರೇ" ಅಂದಿರುತ್ತಿದ್ದರೇನೋ. ಈಗ ಒಂದೇ ದಾಖಲೆಯನ್ನು ಹತ್ತು ಕಡೆ ಬಳಸುತ್ತಾರೆ. ಅದು ಸರಿ ಇದ್ದರೆ ಹತ್ತು ಕಡೆ ಅನುಕೂಲ. ತಪ್ಪಿದ್ದರೆ ಹತ್ತು ಕಡೆಯೂ ಅದೇ ತಪ್ಪು. ಕೆರೆಗೆ ಕೊಳೆ ಬಿದ್ದರೆ ಯಾವ ಗದ್ದೆಯ ಮಡೆಯಲ್ಲಿ ನಿಂತು ಶೋಧಿಸಿದರೂ ಪ್ರಯೋಜನವಿಲ್ಲ.

ಇಲ್ಲಿ ತಮ್ಮ ಒಂದು ಮಾತು ಒಪ್ಪಿಕೊಳ್ಳಬೇಕಾಯಿತು. ಅವನ ಕೆಲಸದಲ್ಲಿ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋದ ಪ್ರತಿ ಸಂದೇಶಕ್ಕೂ ಉತ್ತರ ಬರುತ್ತದೆ: ತಲುಪಿತು, ಇಲ್ಲವೇ ತಲುಪಲಿಲ್ಲ. ತಲುಪದವುಗಳ ಪಟ್ಟಿ ಬೇರೆಯಾಗಿ ಸೇರುತ್ತಾ ಹೋಗುತ್ತದೆ. ಅದನ್ನು ದಿನವೂ ತೆಗೆದು ನೋಡಬೇಕು. "ಎಷ್ಟೋ ಸಲ ನೋಡಿಲ್ಲ ಅಕ್ಕ" ಅಂದ. "ಹೊಸ ಕೆಲಸ ಬಂದಾಗ ಅದು ಹಿಂದೆ ಬೀಳುತ್ತೆ. ನೂರರಲ್ಲಿ ತೊಂಬತ್ತೊಂಬತ್ತು ತಲುಪಿತಲ್ಲ ಅಂತ ಖುಷಿಪಡ್ತೀವಿ. ಉಳಿದ ಒಂದು ಅಂದ್ರೆ ಪರದೆ ಮೇಲೆ ಒಂದು ಸಾಲು, ಅಷ್ಟೇ."

ಅಪ್ಪ ಅಲ್ಲೇ ಕೂತಿದ್ದರು. ಅವರು ಪಕ್ಕಕ್ಕೆ ತಿರುಗಿ, "ಆ ಒಂದು ನಾನೇ ಆದ್ನಾ?" ಅಂದರು. ಕೋಪದಿಂದ ಹೇಳಲಿಲ್ಲ, ನಿಜವಾಗಿ ಕೇಳಿದರು. ಇಬ್ಬರಿಗೂ ಉತ್ತರ ಹೊರಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಹಳೆಯ ನೀರುಗಂಟಿಯ ಮಾತು ತೆಗೆದರು. ತೂಬು ಎತ್ತಿ ಮನೆಗೆ ಹೋಗಿ ಮಲಗುವ ಆಳಲ್ಲವಂತೆ ಅವನು. ರಾತ್ರಿ ಲಾಟೀನು ಹಿಡಿದು, ಗುದ್ದಲಿ ಹೆಗಲ ಮೇಲೆ ಹಾಕಿಕೊಂಡು ಕಾಲುವೆಯ ಉದ್ದಕ್ಕೂ ನಡೆದು, ಕೊನೆಯ ಗದ್ದೆಗೆ ನೀರು ಮುಟ್ಟಿತಾ ಅಂತ ಕಣ್ಣಲ್ಲಿ ನೋಡಿ ಬರುತ್ತಿದ್ದನಂತೆ. "ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡ್ತಿದ್ದದ್ದು ತೂಬು ಎತ್ತಿದ್ದಕ್ಕಲ್ಲ, ನಡೆದದ್ದಕ್ಕೆ" ಅಂದರು.

ಮಾರನೆಯ ದಿನ ಬ್ಯಾಂಕಿನಲ್ಲಿ ಸಾಲ ತೀರಿದ ಪತ್ರ ಪಡೆದೆವು. 11ನೇ ಕಾಲಂನ ಋಣ ತೆಗೆಸಬೇಕು ಎಂದು ಅರ್ಜಿ ಬರೆದು, ಒಂದು ಪ್ರತಿಗೆ ಅವರ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆವು. ವಾರಕ್ಕೊಮ್ಮೆ ಆ ಪ್ರತಿ ಹಿಡಿದು ಅಪ್ಪ ಹೋಗಿ ಕೇಳಿದರು. ಪಹಣಿಯಲ್ಲಿ ಆ ಸಾಲು ಹೋಗಲು ಎರಡು ತಿಂಗಳು ಹಿಡಿಯಿತು.

ಮಳೆ ಅಷ್ಟು ದಿನ ಕಾಯಲಿಲ್ಲ. ಕಡ್ಲೆಕಾಯಿ ಬಿತ್ತನೆಗೆ ಅಪ್ಪ ನೂರಕ್ಕೆ ಮೂರರ ಬಡ್ಡಿಗೆ 50,000 ರೂಪಾಯಿ ಕೈಸಾಲ ಮಾಡಿದರು. ಎರಡು ತಿಂಗಳಿಗೆ 3,000 ಬಡ್ಡಿ. ಸಂದೇಶವೊಂದು ತಲುಪದೇ ಇದ್ದದ್ದಕ್ಕೆ ನಮ್ಮ ಮನೆ ಕಟ್ಟಿದ ಬೆಲೆ ಅದು. ಸೊಸೈಟಿಯಲ್ಲಿ ತಲೆ ತಗ್ಗಿಸಿದ್ದಕ್ಕೆ ಲೆಕ್ಕ ಇಲ್ಲ.

ಇಷ್ಟಾದರೂ, ಈ ಜೋಡಣೆಗಳೇ ಬೇಡ ಅಂತ ನಾವು ಹೇಳುವುದಿಲ್ಲ. ಅಪ್ಪನೂ ಹೇಳುವುದಿಲ್ಲ. ಪಹಣಿ ಒಂದಕ್ಕೆ ನಾಲ್ಕು ಸಲ ತಾಲ್ಲೂಕು ಕಚೇರಿಗೆ ಬಸ್ಸು ಹತ್ತಿದ ದಿನಗಳನ್ನು ಅವರು ಮರೆತಿಲ್ಲ. ನಾವು ಕೇಳುವುದು ಒಂದೇ. ಯುಪಿಐನಲ್ಲಿ ಹತ್ತು ರೂಪಾಯಿ ಕಳಿಸಿದರೂ ಹೋಯಿತಾ, ಇಲ್ಲವಾ, ಪೆಂಡಿಂಗ್ ಇದೆಯಾ ಅಂತ ಫೋನು ಹೇಳುತ್ತದೆ. ಜಮೀನಿನ ಮೇಲಿನ ಋಣ ತೀರಿದ ಸುದ್ದಿಗೂ ಅಷ್ಟು ಮರ್ಯಾದೆ ಬೇಡವೇ? ಹೊರಟ ಸಂದೇಶ ತಲುಪಿತೋ ಇಲ್ಲವೋ ಅಂತ ನೋಡುವ ಒಬ್ಬ ಮನುಷ್ಯ, ಅವನ ಹೆಸರು, ಅವನು ಕೂರುವ ಜಾಗ ನಮಗೆ ಗೊತ್ತಿರಬೇಕಲ್ಲವೇ?

ಅದಾಗುವವರೆಗೆ ನಮ್ಮ ಕಾಲುವೆಯನ್ನು ನಾವೇ ನಡೆದು ನೋಡಬೇಕು. ನೀವು ಬೆಳೆ ಸಾಲ ತೀರಿಸಿದ್ದರೆ, ಬ್ಯಾಂಕಿನವರು "ಆಯ್ತು" ಅಂದ ಮಾತಿಗೆ ನಿಲ್ಲಬೇಡಿ. ಸಾಲ ತೀರಿದ ಪತ್ರ ಕೇಳಿ ಇಟ್ಟುಕೊಳ್ಳಿ. ಕೆಲವು ದಿನ ಬಿಟ್ಟು ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಹೆಸರು, ಇನಿಷಿಯಲ್ಲು ಆಧಾರಿನಲ್ಲೂ ಪಹಣಿಯಲ್ಲೂ ಒಂದೇ ಥರ ಇದೆಯಾ ಅಂತಲೂ ನೋಡಿ. ತಪ್ಪಿದ್ದರೆ, ತಪ್ಪು ಕಂಡ ಕಡೆ ಜಗಳ ಮಾಡಿ ದಣಿಯಬೇಡಿ. ಅದು ಹುಟ್ಟಿದ ಕಡೆಗೆ ಹೋಗಿ ಅರ್ಜಿ ಕೊಡಿ. ಇದನ್ನೆಲ್ಲ ಬಿತ್ತನೆಗೆ ಎರಡು ತಿಂಗಳು ಮೊದಲೇ ಮಾಡಿ.

ತಮ್ಮ ಈಗ ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ತಲುಪದ ಸಂದೇಶಗಳ ಪಟ್ಟಿ ತೆಗೆಯುತ್ತಾನಂತೆ. ಅಕ್ಕ ತನ್ನ ಹಳೆಯ ಬರಹದ ಕೊನೆಗೆ ಈ ಕತೆ ಸೇರಿಸಿದ್ದಾಳೆ. ಅಪ್ಪ ಹೊಸ ಪಹಣಿಯ ಪ್ರತಿಯೊಂದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಸೊಸೈಟಿಗೆ ಹೋದರು. ಅಲ್ಲಿ ಅದನ್ನು ಯಾರೂ ಕೇಳಲಿಲ್ಲ. ಕಂಪ್ಯೂಟರೇ ತೋರಿಸಿತು. ಆದರೂ ತೆಗೆದು, ಬಿಚ್ಚಿ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಬಂದರಂತೆ.